ಉಪ್ಪಿಗೆ ಒಗ್ಗಿದ ಮೀನುಗಳು

"ನಮ್ಮಮ್ಮ ಮಾವನ್ನ ಕೊಂದಿಲ್ಲ. ಆದ್ರೆ ಅವಳು ಮಾವನ ಹತ್ರ ಆಡಿದ ಕೊನೇ ಮಾತು 'ಆ ನೀರಲ್ಲೇ ಬಿದ್ದು ಸಾಯಿ' ಅಂತ. ಅದನ್ನ ಪಕ್ಕದವರು ಕೇಳಿಸ್ಕೊಂಡಿದ್ದಾರೆ."

ಸೋಮವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು ಹೀಗೆ ಹೇಳಿದ ಹುಡುಗಿ ಆಸ್ಪತ್ರೆಯ ನರ್ಸು. ಠಾಣೆಯಿಂದ ನೇರ ನಮ್ಮಲ್ಲಿಗೆ ಬಂದಿದ್ದಳು. ತಾಯಿಯನ್ನು ಒಳಗೆ ಕೂರಿಸಿಕೊಂಡು ಇವಳನ್ನು ಹೊರಗೆ ಕಳಿಸಿದ್ದರು. ನಾನು ನೀರು ತಂದುಕೊಟ್ಟೆ. ಅತ್ತಿಗೆ ಕುರ್ಚಿ ಎಳೆದುಕೊಟ್ಟರು.

ಅತ್ತಿಗೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಧಿಕಾರಿಯಾಗಿದ್ದವರು. ಅಂಗಡಿಗಳ ತಕ್ಕಡಿ, ಲೀಟರು, ಗಜಕಡ್ಡಿ ಪರೀಕ್ಷಿಸುವುದು ಅವರ ಕೆಲಸ. ನಿವೃತ್ತರಾದ ಮೇಲೂ ಬೀದಿಯವರು, ಒಮ್ಮೊಮ್ಮೆ ಪೊಲೀಸರೂ, ಗೋಜಲು ಬಿಡಿಸಿಕೊಳ್ಳಲು ಅವರಲ್ಲಿಗೆ ಬರುತ್ತಾರೆ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು. ಅಣ್ಣ ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಹಾಲಿನವನು ಅತ್ತಿಗೆಗೆ ಹೆದರಿ ದಿನಾ ಅರ್ಧ ಲೋಟ ಹೆಚ್ಚೇ ಹಾಕುತ್ತಾನೆ. ಅವರು ಅದಕ್ಕೂ ಬೈದು, ಹೆಚ್ಚಿನ ಹಾಲನ್ನು ಅವನ ಕ್ಯಾನಿಗೇ ಸುರಿಸುತ್ತಾರೆ. "ಕಡಿಮೆ ಕೊಟ್ರೂ ಸುಳ್ಳೇ, ಹೆಚ್ಚು ಕೊಟ್ರೂ ಸುಳ್ಳೇ" ಎನ್ನುವುದು ಅವರ ಮಾತು. ಇಂಥವರ ಜತೆ ಸಂಸಾರ ಮಾಡಿದ ನನ್ನ ಅಣ್ಣ ಪುಣ್ಯಾತ್ಮ.

ಹುಡುಗಿ ಹೇಳಿದ್ದು ಇಷ್ಟು. ಅವಳ ಸೋದರಮಾವ ಕಟ್ಟುಹಲ್ಲು ಮಾಡುವವನು, ಬೀದಿಯವರಿಗೆಲ್ಲ ಹಲ್ಲಣ್ಣ. ಮದುವೆಯಾಗಲಿಲ್ಲ. ವಿಧವೆಯಾದ ತಂಗಿಯನ್ನೂ ಅವಳ ಮಗಳನ್ನೂ ಮನೆಗೆ ಕರೆತಂದು ಇಪ್ಪತ್ತು ವರ್ಷ ಸಾಕಿದ. ಮಹಡಿಯ ಮೇಲೆ ಅವನ ಕೆಲಸದ ಕೋಣೆ, ಕೆಳಗೆ ಹಿಂಬದಿಯಲ್ಲಿ ತಂಗಿಯ ಹೊಲಿಗೆ ಕೋಣೆ, ಮುಂದುಗಡೆ ಫೋಟೋಗಳಿಗೆ ಕಟ್ಟು ಹಾಕುವವನೊಬ್ಬನ ಬಾಡಿಗೆ ಅಂಗಡಿ. ಭಾನುವಾರ ಸಂಜೆ ಏಳಕ್ಕೆ ತಂಗಿ ದೀಪ ಹಾಕಲು ಹೊರಬಂದಾಗ ಅಣ್ಣ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ತಲೆ ಒಡೆದಿತ್ತು. ಮೈಯೆಲ್ಲ ಒದ್ದೆ, ಮೆಟ್ಟಿಲೂ ಒದ್ದೆ. ಪಕ್ಕದಲ್ಲಿ ಬಕೆಟ್, ಅದರೊಳಗೆ ಮೀನಿನ ತೊಟ್ಟಿಯಿಂದ ನೀರೆಳೆಯುವ ಪೈಪು.

"ಪ್ರತಿ ಭಾನುವಾರ ತೊಟ್ಟಿಯ ಹಳೇ ನೀರನ್ನ ಬಕೆಟ್‌ಗೆ ಎಳೆದು, ಕೆಳಗಡೆ ತಂದು ಚೆಲ್ತಿದ್ರು. ಪೊಲೀಸ್ನೋರು ಹೇಳ್ತಾರೆ, ಬಕೆಟ್ ಹಿಡಿದು ಇಳೀತಿದ್ದಾಗ ಅಮ್ಮ ಹಿಂದಿನಿಂದ ತಳ್ಳಿದಳು ಅಂತ. ಭಾನುವಾರ ಅಂಗಡಿಗೂ ರಜ, ಮನೇಲಿ ಬೇರೆ ಯಾರೂ ಇರ್ಲಿಲ್ಲ. ನಾನು ಡ್ಯೂಟಿಲಿದ್ದೆ."

"ಜಗಳ ಯಾಕಾಯ್ತು?" ಅತ್ತಿಗೆ ಕೇಳಿದರು.

ಹುಡುಗಿ ಅಳುತ್ತಲೇ ನಕ್ಕುಬಿಟ್ಟಳು. "ಒಂದು ಸೌಟಿಗೆ."

ಹಲ್ಲಣ್ಣ ಸಮುದ್ರ ಕಂಡವನಲ್ಲ. ಸಮುದ್ರದ ಕಿತ್ತಳೆ ಬಣ್ಣದ ಮೀನೊಂದನ್ನು ಸಾಕುವುದು ಅವನ ಆಸೆ. ಉಳ್ಳವರು ಅದಕ್ಕೆಂದೇ ಹೊಸ ತೊಟ್ಟಿ ತರಿಸುತ್ತಾರೆ. ಇವನು ತನ್ನ ಹಳೆಯ ಸಿಹಿನೀರಿನ ತೊಟ್ಟಿಯನ್ನೇ ಉಪ್ಪುನೀರಿಗೆ ತಿರುಗಿಸಲು ಹೊರಟ. ಸಮುದ್ರದ ಉಪ್ಪಿನ ಮೂಟೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸೆಕೆಂಡ್‌ಹ್ಯಾಂಡ್. ಮುಚ್ಚಿಹೋದ ಅಂಗಡಿಯಿಂದ ಒಣಗಿದ ಹವಳದ ಕಲ್ಲು, ಮುಂದಿನ ಅಂಗಡಿಯ ಫೋಟೋ ಕಟ್ಟಿನವನು ಕೊಟ್ಟ ಡ್ರಮ್ಮು, ಉಪ್ಪು ಕದಡಲು ತಂಗಿಯ ಒಳ್ಳೆಯ ಸೌಟು. ಸೌಟಿಗೆ ತುಕ್ಕು ಹಿಡಿಯಿತು. ಭಾನುವಾರ ಮಧ್ಯಾಹ್ನ ಮೂರಕ್ಕೆ ಅದನ್ನು ಕಂಡು ತಂಗಿ ಕಿರುಚಿದಳು.

"ಮೀನು?" ಎಂದರು ಅತ್ತಿಗೆ.

"ಕಿತ್ತಳೆ ಮೀನು ಇನ್ನೂ ತಂದಿರ್ಲಿಲ್ಲ. ಹಳೇ ಕಪ್ಪು ಮೋಲಿಗಳೇ ಇವೆ. ಸಿಹಿನೀರಿನ ಮೀನೇ, ಆದ್ರೆ ನಿಧಾನಕ್ಕೆ ಒಗ್ಗಿಸಿದ್ರೆ ಉಪ್ಪಲ್ಲೂ ಬದುಕ್ತವಂತೆ. ಆರು ವಾರದಿಂದ ಮಾವ ದಿನಕ್ಕಿಷ್ಟು ಅಂತ ಉಪ್ಪು ಏರಿಸ್ತಾ ಬಂದ್ರು. ಒಂದೂ ಸಾಯ್ಲಿಲ್ಲ."

ಅತ್ತಿಗೆ ಅಳತೆಯ ಟೇಪನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದರು.

ಹಲ್ಲಣ್ಣನ ಮನೆಯ ಮೆಟ್ಟಿಲುಗಳು ಕಪ್ಪು ಕಲ್ಲಿನವು. ರಕ್ತ ಬಿದ್ದ ಜಾಗವೊಂದನ್ನು ಬಿಟ್ಟರೆ ಒಣಗಿ ಚೊಕ್ಕಟವಾಗಿದ್ದವು. ಅತ್ತಿಗೆ ಹದಿನಾರು ಮೆಟ್ಟಿಲನ್ನೂ ಬಗ್ಗಿ ನೋಡುತ್ತ, ಬೆರಳಿನಿಂದ ಸವರುತ್ತ ಹತ್ತಿದರು. ನನ್ನ ಮಂಡಿ ಅವರನ್ನು ಶಪಿಸಿತು.

ಮೇಲಿನ ಕೋಣೆಯ ಒಂದು ಮೂಲೆಯಲ್ಲಿ ನಲ್ಲಿ, ಅದರಡಿ ಪ್ಲಾಸ್ಟರ್ ಕಟ್ಟಿ ನೀರು ಸರಿಯಾಗಿ ಇಳಿಯದ ಕಲ್ಲಿನ ಸಿಂಕು. ಗೋಡೆಯ ಹಲಗೆಗಳ ಮೇಲೆ ಸಾಲು ಸಾಲು ಪ್ಲಾಸ್ಟರ್ ದವಡೆಗಳು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಸಂಖ್ಯೆ ಮತ್ತು ತಾರೀಖು. ಯಾರ ಯಾರದೋ ಬಾಯಿಗಳು ನಮ್ಮನ್ನೇ ನೋಡುತ್ತಿದ್ದಂತಿತ್ತು, ನನಗೆ ಹಿಡಿಸಲಿಲ್ಲ. ಎರಡನೆಯ ಹಲಗೆಯಲ್ಲಿ ಒಂದು ದವಡೆಯ ಜಾಗ ಖಾಲಿ. ಅದರ ಕೆಳಗೆ ಕಪ್ಪು ಬಣ್ಣ ಬಳಿದ ಮರದ ಸ್ಟೂಲು. ಅದರ ಮೇಲೆ ತೆಳ್ಳನೆಯ ಬಿಳಿ ಗೆರೆಯಲ್ಲಿ ಒಂದು ಆಯತ ಮೂಡಿತ್ತು.

"ಪ್ಲಾಸ್ಟರ್ ಪುಡಿ" ಎಂದೆ.

ಅತ್ತಿಗೆ ಟೇಪು ಬಿಚ್ಚಿ ಅಳೆದರು. "ಉದ್ದ ಹದಿಮೂರೂವರೆ ಇಂಚು, ಅಗಲ ಆರೂಕಾಲು. ಒಂದು ಮೂಲೆ ಮೊಂಡು. ಬರ್ಕೋ."

ಮೀನಿನ ತೊಟ್ಟಿ ಕಿಟಕಿಯ ಪಕ್ಕ ಇತ್ತು. ಒಳಗೆ ನಾಲ್ಕು ಕಪ್ಪು ಮೋಲಿಗಳು ಏನೂ ಆಗದಂತೆ ಓಡಾಡುತ್ತಿದ್ದವು. ಹಿಂಬದಿಗೆ ತಗುಲಿಸಿದ ಹಳೆಯ ಫಿಲ್ಟರಿನ ಕೆಳಗೆ ನೆಲದ ಮೇಲೆ ಬಿಳಿ ಹಕ್ಕಳೆ ಕಟ್ಟಿತ್ತು.

"ಫಿಲ್ಟರ್ ಶನಿವಾರ ನಾನೇ ತಂದಿದ್ದು" ಎಂದಳು ಹುಡುಗಿ. "ಭಾನುವಾರ ಬೆಳಿಗ್ಗೆ ಹಾಕಿದ್ರೆ ಸೋರೋಕೆ ಶುರುವಾಯ್ತು. ಸಂಜೆ ಬಂದು ನಾನೇ ಆರಿಸ್ದೆ."

ಹಲ್ಲಣ್ಣ ನೀರಿನ ಉಪ್ಪನ್ನು, ತೇಲಿಬಿಟ್ಟು ನೋಡುವ ಗುರುತು ಹಾಕಿದ ಗಾಜಿನ ಕಡ್ಡಿಯೊಂದರಿಂದ ದಿನಾ ಅಳೆದು ಬರೆದಿಡುತ್ತಿದ್ದ. ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಗೆರೆಯನ್ನೂ ಎಳೆದಿದ್ದ. ಅತ್ತಿಗೆ ಕಡ್ಡಿ ಇಳಿಸಿ ನೋಡಿದರು. ಭಾನುವಾರ ಬೆಳಿಗ್ಗೆಯ ಉಪ್ಪಿಗೂ ಈಗಿನದಕ್ಕೂ ವ್ಯತ್ಯಾಸವಿರಲಿಲ್ಲ. ನೀರು ಗೆರೆಗಿಂತ ಒಂದು ದಾರದಷ್ಟು ಮಾತ್ರ ಕೆಳಗಿತ್ತು. "ಒಳ್ಳೇ ಕೈ" ಎಂದರು ಮೆಲ್ಲಗೆ. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗಿದರು. ಹಲ್ಲಣ್ಣನಿಗೆ ಕೆಲಸ ಕೊಡುತ್ತಿದ್ದ ಹಲ್ಲಿನ ಡಾಕ್ಟರು. ಹುಡುಗಿ ಅವರನ್ನು ಮೇಲೆ ಕಳಿಸಿ ಟೀ ಮಾಡಲು ಹೋದಳು. ಸಣಕಲು ಮನುಷ್ಯ, ಕೈಯಲ್ಲಿ ಹಳೆಯ ಚರ್ಮದ ಚೀಲ. ಅದರ ತಳದಂಚಿನಲ್ಲೂ ಪ್ಲಾಸ್ಟರಿನ ಬಿಳುಪು. ಕಣ್ಣೊರೆಸಿಕೊಂಡರು.

"ನಾನು ಇತ್ತ ಬಂದು ಎರಡು ತಿಂಗಳಾಯ್ತು. ಅಚ್ಚುಗಳನ್ನೆಲ್ಲ ಆಯಾ ಕೈಲೇ ಕಳಿಸ್ತಿದ್ದೆ. ಹೀಗಾಗತ್ತೆ ಅಂತ ಯಾರಿಗೆ ಗೊತ್ತಿತ್ತು? ಅರೆ, ಅದೇ ಕಪ್ಪು ಮೀನುಗಳು! ಪಾಪ, ಇವನ್ನ ಇನ್ನು ಯಾರು ನೋಡ್ಕೋತಾರೆ? ಅರ್ಧ ನೀರು ತೆಗೆದು ನಲ್ಲಿ ನೀರು ತುಂಬಿಬಿಡಿ, ಚುರುಕಾಗ್ತವೆ."

ತಿದ್ದುವುದು ನನ್ನ ಹುಟ್ಟುಗುಣ. ಬಾಯಿ ತೆರೆದೆ. "ಡಾಕ್ಟ್ರಿಗೆ ಒಂದು ಕುರ್ಚಿ ತಂದುಕೊಡು, ಹೋಗು" ಎಂದು ಅತ್ತಿಗೆ ನನ್ನನ್ನು ಕೆಳಗಟ್ಟಿದರು.

ಬುಧವಾರ ಬೆಳಿಗ್ಗೆ ಇನ್ಸ್‌ಪೆಕ್ಟರು ನಮ್ಮ ಮನೆಗೆ ಬಂದರು. ಅತ್ತಿಗೆ ಕೇಳಿದ ಎರಡು ವಿಷಯಗಳನ್ನು ವಿಚಾರಿಸಿಕೊಂಡು ಬಂದಿದ್ದರು. ಕೈಯಲ್ಲಿ ಮರಣೋತ್ತರ ಪರೀಕ್ಷೆಯ ವರದಿಯೂ ಇತ್ತು. ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ನಾನೂ ಓದಿದೆ. ಏಟು ಬಿದ್ದ ಮೇಲೂ ಹಲ್ಲಣ್ಣನಿಗೆ ಮುಕ್ಕಾಲು ಗಂಟೆಯಾದರೂ ಜೀವವಿತ್ತು.

"ತಂಗಿಗೆ ಇದನ್ನ ಹೇಳಿದ್ದೀರಾ?" ಎಂದರು ಅತ್ತಿಗೆ.

"ಇನ್ನೂ ಇಲ್ಲ."

"ಹೇಳ್ಬೇಡಿ."

ಸಂಜೆ ನಾಲ್ಕಕ್ಕೆ ಎಲ್ಲರೂ ಮೇಲಿನ ಕೋಣೆಯಲ್ಲಿ ಸೇರಿದೆವು: ನರ್ಸು ಹುಡುಗಿ, ಕಟ್ಟಿನವನು, ಕ್ಲಿನಿಕ್ಕಿನಿಂದ ಚೀಲದ ಸಮೇತ ಬಂದ ಡಾಕ್ಟರು. ಇನ್ಸ್‌ಪೆಕ್ಟರು ತಂಗಿಯನ್ನೂ ಕರೆತಂದಿದ್ದರು. ಮೂರು ದಿನದಲ್ಲಿ ಆಕೆ ಮುದುಕಿಯಾಗಿದ್ದಳು. ಮಗಳು ಕೈ ಹಿಡಿದರೂ ಅವಳಿಗೆ ತಿಳಿಯಲಿಲ್ಲ.

ಅತ್ತಿಗೆ ಒಂದು ಕಪ್ಪು ಕಲ್ಲಿನ ಚೂರನ್ನು ಮೇಜಿನ ಮೇಲಿಟ್ಟರು. ಅದರ ಮೇಲೊಂದು ಬಿಳಿ ಕಲೆಯಿತ್ತು.

"ಮಧ್ಯಾಹ್ನ ಈ ಕಲ್ಲಿನ ಮೇಲೆ ತೊಟ್ಟಿಯ ನೀರು ಒಂದು ಚಮಚ ಹಾಕಿ ಬಿಸಿಲಿಗಿಟ್ಟೆ. ಒಣಗಿದ ಮೇಲೆ ಹೀಗಾಯ್ತು. ನೀರು ಹೋಗತ್ತೆ, ಉಪ್ಪು ಹೋಗಲ್ಲ. ಅವತ್ತು ಮೆಟ್ಟಿಲ ಮೇಲೆ ಒಂದು ಬಕೆಟ್ ನೀರು ಚೆಲ್ಲಿತ್ತು. ಒಂದೇ ಒಂದು ಬಿಳಿ ಗೆರೆ ಇಲ್ಲ. ಠಾಣೆಗೆ ಹೋಗಿ ಸತ್ತವನ ನೀಲಿ ಏಪ್ರನ್ ನೋಡಿದೆ. ಒಣಗಿದೆ, ಅದ್ರಲ್ಲೂ ಉಪ್ಪಿಲ್ಲ. ಅಂದ್ರೆ ಅದು ನಲ್ಲಿ ನೀರು."

"ತೊಟ್ಟಿಗೆ ಹಾಕೋಕೆ ಕೆಳಗಿನಿಂದ ಹೊಸ ನೀರು ತರ್ತಿದ್ದನೇನೋ" ಎಂದ ಕಟ್ಟಿನವನು.

"ಮೇಲೇ ನಲ್ಲಿ ಇರುವಾಗ ಕೆಳಗಿನಿಂದ ಯಾಕೆ ಹೊರ್ತಾನೆ? ಬಕೆಟ್‌ನಲ್ಲಿದ್ದದ್ದು ನೀರು ತೆಗೆಯೋ ಪೈಪು. ಆದ್ರೆ ತೊಟ್ಟಿಯಿಂದ ನೀರೇ ತೆಗೆದಿಲ್ಲ. ಮಟ್ಟ ಹಾಗೇ ಇದೆ. ತೆಗೆದು ನಲ್ಲಿ ನೀರು ತುಂಬಿದ್ರೆ ಉಪ್ಪು ಇಳೀಬೇಕಿತ್ತು, ಅದೂ ಇಳಿದಿಲ್ಲ. ಅವನು ಬಕೆಟ್ ಹಿಡಿದು ಇಳಿಯಲೇ ಇಲ್ಲ. ಇಲ್ಲೇ ಏಟು ತಿಂದ. ಆಮೇಲೆ ಯಾರೋ ಅವನನ್ನ ಕೆಳಗೆ ಸಾಗಿಸಿ, ನಲ್ಲಿ ನೀರು ಚೆಲ್ಲಿ, ಭಾನುವಾರದ ಕೆಲಸ ಮಾಡ್ತಾ ಜಾರಿದ ಹಾಗೆ ಕಾಣಿಸಿದ್ರು. ಈ ತೊಟ್ಟಿ ಇನ್ನೂ ಸಿಹಿನೀರಿನದು ಅಂತ ತಿಳಿದಿದ್ದವರು."

ಅತ್ತಿಗೆ ಒಬ್ಬೊಬ್ಬರನ್ನೇ ನೋಡಿದರು. "ಉಪ್ಪು ಕದಡಿದ್ದು ತಂಗಿಯ ಸೌಟಿನಲ್ಲಿ. ಫಿಲ್ಟರ್ ತಂದಿದ್ದು ಮಗಳು. ಉಪ್ಪಿನ ಮೂಟೆ ಹೊತ್ತು ಮೇಲೆ ತಂದವನು ನೀನು, ಅಲ್ವೇನಪ್ಪಾ?"

ಕಟ್ಟಿನವನು ತಲೆಯಾಡಿಸಿದ. "ಈ ಭುಜದ ಮೇಲೇ."

"ಹೊಸಬರು ತೊಟ್ಟಿಗೆ ಇಣುಕಿದ್ರೆ ಕಾಣೋದು ಅದೇ ಹಳೇ ಕಪ್ಪು ಮೀನು. ಉಪ್ಪು ಕಣ್ಣಿಗೆ ಕಾಣಲ್ಲ."

"ಗಾಬರಿಯಲ್ಲಿ ಇವರೇ ನಲ್ಲಿ ನೀರು ಹಿಡಿದಿರಬಹುದಲ್ಲ?" ಎಂದು ಇನ್ಸ್‌ಪೆಕ್ಟರು ತಂಗಿಯ ಕಡೆ ತೋರಿಸಿದರು.

"ಇರಬಹುದು. ಅದಕ್ಕೇ ಅಲ್ಲಿಗೆ ನಿಲ್ಲಿಸ್ಲಿಲ್ಲ. ಈ ಸ್ಟೂಲ್ ನೋಡಿ. ನಾವೆಲ್ಲ ಪ್ಲಾಸ್ಟರ್ ಅಂದ್ಕೊಂಡ್ವಿ. ಯಾರೋ ಒಬ್ಬರು ಚೀಲವನ್ನ ಫಿಲ್ಟರ್ ಕೆಳಗೆ ಸೋರಿದ ನೀರಲ್ಲಿಟ್ಟು, ಆಮೇಲೆ ಒದ್ದೆ ತಳದಲ್ಲೇ ಎತ್ತಿ ಇಲ್ಲಿಟ್ರು. ಹಲಗೆ ಮೇಲಿದ್ದ ದವಡೆಯನ್ನ ಒಳಗೆ ಹಾಕ್ಕೊಳ್ಳೋಕೆ. ಒಣಗಿದ ಮೇಲೆ ಈ ಗೆರೆ ಎದ್ದಿದೆ. ಚೀಲದ ತಳದಲ್ಲೂ ಇದೇ ಬಿಳುಪು ಇರ್ಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡಾಕ್ಟರ ಕೈ ಚೀಲದ ತಳಕ್ಕೆ ಹೋಯಿತು. ಎಲ್ಲರೂ ನೋಡಿದೆವು.

"ಇದು ಪ್ಲಾಸ್ಟರ್" ಎಂದರು ಅವರು. "ನನ್ನ ಕಸುಬೇ ಅದು."

ಅತ್ತಿಗೆ ಚೀಲವನ್ನು ಇಸಿದುಕೊಂಡು ಸ್ಟೂಲಿನ ಮೇಲಿಟ್ಟರು. ಮೊಂಡು ಮೂಲೆಯೂ ಸೇರಿ, ಗೆರೆಗೆ ಗೆರೆ ಕೂತಿತು. ಆಮೇಲೆ ತಳಕ್ಕೆ ಬೆರಳೊತ್ತಿ ನಾಲಿಗೆಗೆ ಮುಟ್ಟಿಸಿದರು.

"ಉಪ್ಪು" ಎಂದರು. "ಫಿಲ್ಟರ್ ಸೋರಿದ್ದು ಭಾನುವಾರ ಒಂದೇ ದಿನ. ನೀವು ಬಂದು ಎರಡು ತಿಂಗಳಾಯ್ತು ಅಂದ್ರಿ, ಡಾಕ್ಟ್ರೇ."

ಕಾರಣವನ್ನು ಇನ್ಸ್‌ಪೆಕ್ಟರು ಹೇಳಿದರು. ಹೋದ ತಿಂಗಳು ಹದಿನೇಳರಂದು ಒಬ್ಬ ಅಜ್ಜಿ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ತೆಗೆದುಕೊಂಡು ಕುರ್ಚಿಯಲ್ಲೇ ಕುಸಿದಳು. ಡಾಕ್ಟರು ಅವಳನ್ನು ಬಾಡಿಗೆ ಗಾಡಿಯಲ್ಲಿ ಮನೆಗೆ ಕಳಿಸಿ, ದುಡ್ಡು ಕೊಟ್ಟು ಗಾಡಿಯವನ ಬಾಯಿ ಮುಚ್ಚಿಸಿದರು. ದಾರಿಯಲ್ಲೇ ಪ್ರಾಣ ಹೋಯಿತು. ಅವತ್ತು ಅಜ್ಜಿ ಕ್ಲಿನಿಕ್ಕಿಗೆ ಬಂದೇ ಇರಲಿಲ್ಲವೆಂದು ಮನೆಯವರಿಗೆ ಹೇಳಿದರು. ಇಂಜೆಕ್ಷನ್‌ಗೆ ಮೊದಲು ತೆಗೆದಿದ್ದ ಅಚ್ಚನ್ನು ಆಯಾ ಎಂದಿನಂತೆ ಹಲ್ಲಣ್ಣನಿಗೆ ತಲುಪಿಸಿಬಿಟ್ಟಿದ್ದಳು. ಅವನು ಅದರಿಂದ ದವಡೆ ಎರಕ ಹೊಯ್ದು ತಾರೀಖು ಬರೆದಿಟ್ಟ. ಮಾಡಿದ ಹಲ್ಲು ಕೊಡಲು ಹೋದಾಗ, ಅಜ್ಜಿ ಆ ದಿನವೇ ತೀರಿಕೊಂಡಳೆಂದೂ ಅವತ್ತು ಕ್ಲಿನಿಕ್ಕಿಗೆ ಹೋಗಿರಲಿಲ್ಲವೆಂದೂ ಅವಳ ಮಗ ಹೇಳಿದ.

"ದವಡೆ ತಗೊಂಡು ಹೋದ್ರಿ" ಎಂದರು ಅತ್ತಿಗೆ. "ಹಲ್ಲಿನ ಸೆಟ್ಟು ಮೇಜಿನ ಡ್ರಾಯರ್‌ನಲ್ಲೇ ಇತ್ತು, ಅದೇ ಸಂಖ್ಯೆ, ಅದೇ ತಾರೀಖಿನ ಚೀಟಿ ಜತೆ. ಆ ಸಂಖ್ಯೆ ಯಾರದು, ಅವತ್ತು ಏನಾಯ್ತು ಅಂತ ಇನ್ಸ್‌ಪೆಕ್ಟರಿಗೆ ನಿಮ್ಮ ಆಯಾನೇ ಹೇಳಿದಳು."

"ಮನೆಯವರಿಗೆ ಹೇಳ್ತೀನಿ ಅಂದ" ಎಂದರು ಡಾಕ್ಟರು ಕೊನೆಗೆ. "ಎಷ್ಟು ಬೇಡಿಕೊಂಡ್ರೂ ಕೇಳ್ಲಿಲ್ಲ. ಅಚ್ಚು ಬಿಗಿಯೋ ಕಬ್ಬಿಣ ಕೈಗೆ ಸಿಕ್ತು. ಕೆಳಗೆ ಹೊಲಿಗೆ ಮಿಷನ್ ಸದ್ದು ಕೇಳ್ತಾನೇ ಇತ್ತು. ಆ ಸದ್ದು ಇರೋವರೆಗೂ ಆಕೆ ಹೊರಗೆ ಬರಲ್ಲ ಅಂತ ಗೊತ್ತಿತ್ತು."

"ಉಪ್ಪು ತಿಂದವನು ನೀರು ಕುಡೀಲೇಬೇಕು" ಎಂದ ಕಟ್ಟಿನವನು.

ಡಾಕ್ಟರನ್ನು ಕರೆದೊಯ್ದ ಮೇಲೆ ತಂಗಿ ತೊಟ್ಟಿಯ ಮುಂದೆ ನಿಂತಳು. ಮೇಜಿನ ಮೇಲೆ ತುಕ್ಕು ಹಿಡಿದ ಸೌಟು ಇನ್ನೂ ಬಿದ್ದಿತ್ತು. ಅದನ್ನು ಎತ್ತಿ ಸೆರಗಿನಿಂದ ಒರೆಸತೊಡಗಿದಳು. ತುಕ್ಕು ಹೋಗಲಿಲ್ಲ, ಅವಳು ಒರೆಸುವುದನ್ನು ಬಿಡಲಿಲ್ಲ.

"ಅಕ್ಕಾ" ಎಂದಳು ಅತ್ತಿಗೆಯ ಕಡೆ ತಿರುಗದೆ. "ಅವನ ಮೇಲೆ ಸಿಟ್ಟಿಗೆ ಬಾಗಿಲು ಹಾಕ್ಕೊಂಡು ಹೊಲೀತಾ ಕೂತಿದ್ದೆ. ಏಳು ಗಂಟೆವರೆಗೂ. ನಡುವೆ ಒಂದ್ಸಲ ಎದ್ದು ಬಂದಿದ್ರೆ… ಅವನು ಎಷ್ಟು ಹೊತ್ತು ಇದ್ದ?"

ಕೋಣೆಯಲ್ಲಿ ಉತ್ತರ ಗೊತ್ತಿದ್ದವರು ನಾವಿಬ್ಬರೇ. ಒಂದು ದಿನ ಕೋರ್ಟಿನಲ್ಲಿ ಅವಳಿಗೆ ತಿಳಿಯಬಹುದು, ತಿಳಿಯದೆಯೂ ಇರಬಹುದು. ಅತ್ತಿಗೆಯ ಮೂವತ್ತೊಂದು ವರ್ಷದ ಕೆಲಸವನ್ನು ಬಲ್ಲ ನಾನು ಅವರ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದೆ. ಅಳೆದಷ್ಟನ್ನೇ ಹೇಳಿಬಿಟ್ಟಾರೆಂದು ನನಗೆ ಭಯವಾಗಿತ್ತು.

"ಹೊತ್ತೇ ಇರ್ಲಿಲ್ಲ ಕಣಮ್ಮ" ಎಂದರು ಅತ್ತಿಗೆ. ದನಿ ಸ್ವಲ್ಪವೂ ಅಲುಗಲಿಲ್ಲ. "ಏಟು ಬಿದ್ದ ತಕ್ಷಣ ಹೋಗಿದ್ದಾನೆ. ನೀನು ಬಂದಿದ್ರೂ ಅಷ್ಟೇ."

ಆಗ ತಂಗಿ ಮೊದಲ ಸಲ ಅತ್ತಳು. ಮಗಳು ತಬ್ಬಿಕೊಂಡಳು. ನಾವು ಸದ್ದಿಲ್ಲದೆ ಮೆಟ್ಟಿಲಿಳಿದೆವು.

ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಅರ್ಧ ಲೋಟ ಹೆಚ್ಚು ಹಾಕಿ, ಬೈಗುಳಕ್ಕೆ ಕಾದು ನಿಂತ. ಅತ್ತಿಗೆ ಪಾತ್ರೆಯನ್ನು ಎತ್ತಿಕೊಂಡು ಸುಮ್ಮನೆ ಒಳಗೆ ಹೋದರು.