ನಲವತ್ತು ನಿಮಿಷ ನಿಲ್ಲದ ಲೋಡರ್

ಹದಿನೇಳನೇ ತಾರೀಕು ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಹೆಂಗಸೊಬ್ಬಳು ಠಾಣೆಗೆ ಬಂದು, ಬರೆದು ತಂದಿದ್ದ ದೂರನ್ನು ಇನ್‌ಸ್ಪೆಕ್ಟರರ ಮೇಜಿನ ಮೇಲಿಟ್ಟಳು. ಸುರಂಗದಲ್ಲಿ ಕಲ್ಲುಮಣ್ಣು ತುಂಬುವ ಲೋಡರ್ ಗಾಡಿ ಓಡಿಸುತ್ತಿದ್ದ ಅವಳ ಗಂಡ ಹಿಂದಿನ ಮಧ್ಯಾಹ್ನ ಕ್ಯಾಬಿನ್ನಿನಲ್ಲೇ ಸತ್ತಿದ್ದ. ಹೃದಯಾಘಾತ ಎಂದು ಕಂಪನಿಯವರು ಕೈ ತೊಳೆದುಕೊಂಡಿದ್ದರು.

"ಹದಿನೈದು ದಿನದಿಂದ ಅವರ ಕರ್ಚೀಫೆಲ್ಲ ಮಸಿ. ಮೊದಲು ಹಂಗಿರಲಿಲ್ಲ."

ಅವಳು ಅಳಲಿಲ್ಲ. ಅಳುವವರನ್ನು ಕಂಡು ಕಂಡು ಮನಸ್ಸು ಮರಗಟ್ಟಿದ್ದ ಇನ್‌ಸ್ಪೆಕ್ಟರರಿಗೆ, ಅಳದವಳು ಹೊಸಬಳು. ಎಫ್‌ಐಆರ್ ದಾಖಲಿಸಿಕೊಂಡರು. ಶವಪರೀಕ್ಷೆಯ ವರದಿ ಹನ್ನೊಂದಕ್ಕೆ ಬಂತು: ರಕ್ತದಲ್ಲಿ ಹೊಗೆಯ ವಿಷಾನಿಲ.

ಹನ್ನೆರಡಕ್ಕೆ ಸುರಂಗದ ಬಾಯಲ್ಲಿ ಪಂಚನಾಮೆ ಶುರುವಾಯಿತು. ಲೋಡರಿನ ಹೊಗೆ ಕೊಳವೆಗೆ ಸುತ್ತಿದ್ದ ದಪ್ಪ ಬಟ್ಟೆ ಹರಿದು ಜೋತಾಡುತ್ತಿತ್ತು. ಹೊಗೆ ಸೋಸುವ ಡಬ್ಬಿಯನ್ನು ದಫೇದಾರರು ಲಾಠಿಯಿಂದ ತಟ್ಟಿದರು. ಖಾಲಿ ಡ್ರಮ್ಮಿನ ಸದ್ದು. ಅಡಿಯಲ್ಲಿ ಹೊಸ ವೆಲ್ಡಿಂಗ್ ಗೆರೆ.

ಮೆಕ್ಯಾನಿಕ್ಕನ್ನು ಕರೆಸಿದರು. ಮೂವತ್ತರ ಆಸುಪಾಸಿನವನು, ಸತ್ತವನ ಹೆಂಡತಿಯ ತಮ್ಮ.

"ಈ ಬಟ್ಟೆ ಯಾಕೆ?"

"ಬಿಸಿ ಹಿಡಿದಿಡೋಕೆ ಸಾರ್. ಹೊಗೆ ಚೆನ್ನಾಗಿ ಕಾದಿದ್ರೇನೇ ಡಬ್ಬಿ ಒಳಗಿನ ಮಸಿ ಸುಟ್ಟುಹೋಗೋದು, ವಿಷಾನೂ ಕಮ್ಮಿ ಆಗೋದು. ತಣ್ಣಗಾದ್ರೆ ಮಸಿ ಕಟ್ಕೊಳುತ್ತೆ. ಆಮೇಲೆ ಗಾಡಿ ಹೊರಗೆ ನಿಲ್ಲಿಸಿ, ನಲವತ್ತು ನಿಮಿಷ ಇಂಜಿನ್ ಕಾಯಿಸಿ ಸುಡಬೇಕು."

"ಹೊಸ ಬಟ್ಟೆ?"

"ಮೂರು ಸಲ ಬರೆದು ಕೊಟ್ಟೆ. ಬರಲಿಲ್ಲ."

ಲೋಡರಿನ ಕಂಪ್ಯೂಟರಿನ ದಾಖಲೆ ತೆಗೆಸಿದರು. ಒಂದನೇ ತಾರೀಕಿನವರೆಗೆ ಗಾಡಿ ದಿನಕ್ಕೊಮ್ಮೆ ನಲವತ್ತು ನಿಮಿಷ ನಿಂತಿತ್ತು. ಆಮೇಲೆ ಒಮ್ಮೆಯೂ ಇಲ್ಲ. ಒಂದನೇ ತಾರೀಕು ಗಾಡಿ ರಿಪೇರಿ ಶೆಡ್ಡಿನಲ್ಲಿತ್ತು, ಅಲ್ಲಿನ ಪುಸ್ತಕದಲ್ಲಿ ಒಂದೇ ಸಹಿ: ಮೆಕ್ಯಾನಿಕ್ಕನದು.

"ಡಬ್ಬಿ ಕೊಯ್ದು ಒಳಗಿಂದೆಲ್ಲ ತೆಗೆದವರು ಯಾರು?"

ಮೆಕ್ಯಾನಿಕ್ ಅಂಗೈಯ ಗ್ರೀಸನ್ನು ನೋಡಿಕೊಂಡ.

"ನಾನೇ. ಡಬ್ಬಿ ಖಾಲಿ ಇದ್ರೆ ಮಸಿ ಕಟ್ಟಲ್ಲ, ಗಾಡಿ ನಿಲ್ಲಿಸೋದೂ ಬೇಡ. ಹದಿನಾರನೇ ತಾರೀಕು ಸುರಂಗಕ್ಕೆ ಗಾಳಿ ತಳ್ಳೋ ಫ್ಯಾನ್ ಕೆಡುತ್ತೆ ಅಂತ ನಂಗೆ ಗೊತ್ತಿರಲಿಲ್ಲ ಸಾರ್."

ಸಂಜೆ ನಾಲ್ಕೂ ನಲವತ್ತಕ್ಕೆ ಅವನ ಬಂಧನ. ಗಾಡಿಗಳು ನಿಲ್ಲಬಾರದೆಂದು ತಾಕೀತು ಮಾಡಿದ್ದ ಸೂಪರ್‌ವೈಸರ್ ಎರಡನೇ ಆರೋಪಿ. ಠಾಣೆಯ ಬೆಂಚಿನಲ್ಲಿ ಕೂತಿದ್ದ ಅಕ್ಕನ ಮುಂದೆ ತಮ್ಮ ನಿಂತ.

"ಅಕ್ಕಾ, ಡಬ್ಬಿ ಖಾಲಿ ಮಾಡ್ಕೊಡು ಅಂತ ಭಾವನೇ ಕೇಳಿದ್ರು. ಇನ್ನೊಂದ್ಸಲ ಗಾಡಿ ನಿಂತ್ರೆ ಬೇರೆ ಡ್ರೈವರನ್ನ ಹಾಕ್ತೀನಿ ಅಂದಿದ್ನಂತೆ ಸೂಪರ್‌ವೈಸರ್. ನಿಂಗೆ ಹೇಳ್ಬೇಡ ಅಂದ್ರು."

ಅವಳು ಇನ್‌ಸ್ಪೆಕ್ಟರರತ್ತ ತಿರುಗಿದಳು. "ನಾನು ಕೊಟ್ಟ ದೂರು ಇವನ ಮೇಲೇ ಆಯ್ತಾ?"

"ಹೌದಮ್ಮ."

ಅವಳು ತಮ್ಮನ ಗ್ರೀಸು ಮೆತ್ತಿದ ಕೈಗಳನ್ನು ನೋಡಿದಳು.

"ಇರ್ಲಿ. ವಾಪಸ್ ತಗೊಳ್ಳಲ್ಲ," ಎಂದಳು.

ತಮ್ಮ ತಲೆಯಾಡಿಸಿದ, ಅದೇ ಸರಿ ಎನ್ನುವಂತೆ. ದಫೇದಾರರು ಅವನನ್ನು ಒಳಗೆ ಕರೆದೊಯ್ದರು. ಇನ್‌ಸ್ಪೆಕ್ಟರ್ ಕಡತ ಬಿಡಿಸಿ, ಕೃತ್ಯಕ್ಕೆ ಕಾರಣ ಎಂಬಲ್ಲಿ ಬರೆದರು: ಮೃತನ ಕೆಲಸ ಉಳಿಸುವುದು.