ಅಚ್ಚಿನೊಳಗಿನ ಗುಂಡು

ವೇಡ್ ಬಂದೂಕಿನ ಗುಂಡು ಎರಕ ಹೊಯ್ಯುವ ಅಚ್ಚನ್ನು ಉಜ್ಜುತ್ತಿದ್ದ. ಕಬ್ಬಿಣದ ಎರಡು ಹೋಳುಗಳ ನಡುವಿನ ತುಕ್ಕನ್ನು ಹಳೆಯ ಬ್ರಷ್ಷಿನಿಂದ ಕೆದಕುತ್ತಿದ್ದ. ಜಗಲಿಯ ಒಲೆಯ ಮೇಲೆ ಸೀಸ ಕರಗುತ್ತಿತ್ತು. ಒಲೆ ಹೊತ್ತಿಸಲು ಅವನು ಕಿಟಕಿಯೊಳಗೆ ಕೈ ಚಾಚಿದ್ದಾಗ, ಹೆಂಡತಿ ನೆವಾ ಅಂಗೈ ಚಿವುಟಿ ಬೆಂಕಿಪೊಟ್ಟಣ ಇಟ್ಟಿದ್ದಳು. ಕೆಲಸ ಮುಗಿದೊಡನೆ ಕಿತ್ತುಕೊಂಡಿದ್ದಳು. ಈಗ ಒಳಗೆ ಹುರುಳಿಕಾಯಿ ಮುರಿಯುತ್ತಿದ್ದಳು. ಟಕ್. ಟಕ್.

ಗೋಡೆಯ ಮೊಳೆಯಲ್ಲಿ ಇನ್ನೊಂದು ಅಚ್ಚು ತೂಗುತ್ತಿತ್ತು, ಬಿಗಿಯಾಗಿ ತಂತಿ ಸುತ್ತಿದ್ದು. ನೆವಾಳ ತೀರಿಹೋದ ಅಜ್ಜ ಈನಸ್‌ನದು. ವೇಡ್ ಅದನ್ನು ಇಳಿಸಿದ್ದೇ ತಡ, ನೆವಾಳ ಅಜ್ಜಿ ವರ್ಡಿ ಬಾಗಿಲಿಗೆ ಬಂದಳು.

"ಅದೊಂದನ್ನ ಬಿಡಪ್ಪ. ಒಳಗೆ ಗುಂಡಿದೆ."

"ಇರ್ಲಿ ಅಜ್ಜಿ. ತುಕ್ಕು ಹಿಡೀಬಾರ್ದು ಅಂತ ಕೊನೇ ಗುಂಡನ್ನ ಎಲ್ರೂ ಒಳಗೇ ಬಿಡ್ತಾರೆ."

"ಅದು ತುಕ್ಕಿಗಲ್ಲ." ಅಜ್ಜಿ ದನಿ ತಗ್ಗಿಸಿದಳು. "ನೆವಾ ಕೂಸಾಗಿದ್ದಾಗ ಆಚೆ ಗುಡ್ಡದ ಹೆಂಗಸು ಮಾಟ ಮಾಡಿದ್ಲು. ಮಗು ಬೂದಿ ಬಣ್ಣಕ್ಕೆ ತಿರುಗ್ತು. ನಮ್ಮನೆಯೋರು ಆ ಹೆಂಗಸಿನ ಕೂದಲು ಹಾಕಿ ಸೀಸ ಹೊಯ್ದು, ಮಾಟಾನ ಅದರೊಳಗೇ ಕಟ್ಟಿದ್ರು. ಅಚ್ಚು ಬಾಯಿ ಬಿಡಬಾರ್ದು."

"ನಿಮ್ಮ ಮಾಟಕ್ಕೂ ತುಕ್ಕು ಹಿಡಿದಿದೆ. ಒಂಚೂರು ಎಣ್ಣೆ ಬಿಟ್ರೆ ಚೆನ್ನಾಗಿ ಓಡುತ್ತೆ!"

ಒಳಗಿಂದ ನೆವಾ ನಕ್ಕಳು. "ಅವನ ಬಾಯಿಗೆ ಯಾಕೆ ಹೋಗ್ತೀಯ ಅಜ್ಜಿ? ಬಿಡು."

ಅವನು ತಂತಿ ಕತ್ತರಿಸಿದ. ಕೀಲು ಮುಲುಗಿತು. ಮರದ ಕೋಲಿನಿಂದ ಒಮ್ಮೆ ತಟ್ಟಿದಾಗ ಗುಂಡು ಬಟ್ಟೆಯ ಮೇಲೆ ಬಿತ್ತು. ಎತ್ತಿಕೊಂಡ. ಬೆಚ್ಚಗಿತ್ತು, ಬಾಯಿಂದ ಆಗಷ್ಟೇ ತೆಗೆದಂತೆ. ಅವನ ಕೈ ಒಂದು ಗಳಿಗೆ ತಡೆಯಿತು. ಅಜ್ಜಿ ನೋಡುತ್ತಿದ್ದಳು. ನಗುತ್ತಲೇ ಗುಂಡನ್ನು ಕರಗಿದ ಸೀಸಕ್ಕೆ ಎಸೆದ. ಬರಿದಾದ ಅಚ್ಚಿನ ತುಂಬ ಎಣ್ಣೆ ಸವರಿದ.

ಸುಟ್ಟ ಕೂದಲಿನ ವಾಸನೆ ಎದ್ದಿತು.

ಟಕ್. ತುಂಬ ಹೊತ್ತಿನ ಮೇಲೆ, ಟಕ್. ಆಮೇಲೆ ಏನೂ ಇಲ್ಲ.

"ವೇಡ್... ಚಳಿ ಆಗ್ತಿದೆ ಕಣೋ."

ಕಿಟಕಿಯೊಳಗೆ ಇಣುಕಿದ. ನೆವಾಳ ಕೈಯಲ್ಲಿ ಅರ್ಧ ಬಾಗಿದ ಕಾಯಿ. ಬೆರಳು ಸೀಸದ ಬಣ್ಣ. ತುಟಿಯೂ.

"ಅದೇ ಅಚ್ಚಿಗೆ ಮತ್ತೆ ಹೊಯ್ಯೋ! ಅವಳಿಗೆ ಉಸಿರಿರೋವಾಗ್ಲೇ ಹೊಯ್ಯಿ!" ಎನ್ನುತ್ತ ಅಜ್ಜಿ ಒಳಗೆ ಓಡಿದಳು.

ಹೊಯ್ದ. ತೆರೆದ. ಗುಂಡು ಸುಕ್ಕುಗಟ್ಟಿತ್ತು, ಮುದುಕಿಯ ಮುಖದಂತೆ. ಕರಗಿಸಿದ. ಹೊಯ್ದ. ಮತ್ತೆ ಸುಕ್ಕು. ಒಳಗೆ ಕುರ್ಚಿ ಕಿರುಗುಟ್ಟಿತು. ಏನೋ ಭಾರವಾದದ್ದು ಬಿದ್ದಿತು. ಅಜ್ಜಿ ಚೀರಿದಳು. ಹೊಯ್ದ. ಸುಕ್ಕು.

ಎಣ್ಣೆ. ಅವನೇ ಸವರಿದ ಎಣ್ಣೆ. ಜಿಡ್ಡಿರುವ ಅಚ್ಚಿನಲ್ಲಿ ಸೀಸ ಸುಕ್ಕುಗಟ್ಟುತ್ತದೆ. ಕಡ್ಡಿ ಗೀರಿ, ಒಳಮೈಯ ಜಿಡ್ಡು ಸುಟ್ಟು, ಮಸಿ ಹಿಡಿಸಬೇಕು. ಅವನಿಗದು ಗೊತ್ತಿತ್ತು.

ಅಜ್ಜಿಯ ಚೀರಾಟ ನಿಂತಿತ್ತು. ಮನೆಯೊಳಗೆ ಉಸಿರಿನ ಸದ್ದೂ ಇರಲಿಲ್ಲ. ಅವನು ಒಳಗೆ ನೋಡಲಿಲ್ಲ. ಮುಖ ತಿರುಗಿಸಿಯೇ ಕಿಟಕಿಯೊಳಗೆ ಅಂಗೈ ಚಾಚಿದ. ಚಿವುಟಲೆಂದು ಕಾದ.

"ನೆವಾ, ಬೆಂಕಿಪೊಟ್ಟಣ ಕೊಡೇ."