ಕಿವಿಮನೆಯಲ್ಲಿ ಪಾರಿಜಾತ

ಕೊಲೆಯಾದ ಕಂತ್ರಾಟುದಾರರನ್ನು ಯಂತ್ರ ಬಹಳ ಮರ್ಯಾದೆಯಿಂದಲೇ ಕರೆಯಿತು: "ಶ್ರೀ ವೀರಭದ್ರಪ್ಪನವರೇ." ಪರದೆಯ ಮೇಲಿನ ಹಸಿರು ಗೆರೆ ಅಲುಗಲಿಲ್ಲ. ಅವರಿಗೆ ಬಂದಿದ್ದ ಬಿರುದುಗಳನ್ನು ಸೇರಿಸಿ ಕರೆದರೂ ಅಲುಗಲಿಲ್ಲ. ಕೊನೆಗೆ ಅವರ ಮುದಿ ತಾಯಿ ಸೆರಗನ್ನು ಬಾಯಿಗೊತ್ತಿಕೊಂಡು, "ನಾವು ಪುಟ್ಯಾ ಅಂತಿದ್ವಿರಿ" ಎಂದಳು. ಯಂತ್ರ "ಪುಟ್ಯಾ" ಎಂದದ್ದೇ ತಡ, ಗೆರೆ ಜಿಗಿಯಿತು. ಪಾಲುದಾರನ ದನಿ, ಲೋಟ ಉರುಳಿದ ಸದ್ದು, ಬೈಗುಳ ಎಲ್ಲ ಸಾಲಾಗಿ ಕೇಳಿಬಂದವು. ಸಂಜೆಯೊಳಗೆ ಪಾಲುದಾರ ಪೊಲೀಸರ ಕೈಯಲ್ಲಿದ್ದ.

ಹುಬ್ಬಳ್ಳಿಯ ಆ ಪ್ರಯೋಗಾಲಯಕ್ಕೆ ಸರ್ಕಾರ ಇಟ್ಟ ಹೆಸರು ಫಲಕದ ಮೇಲೆ ಎರಡು ಸಾಲು ತುಂಬಿತ್ತು. ಊರವರು ಕಿವಿಮನೆ ಎಂದರು, ಅದೇ ಉಳಿಯಿತು. ಯಂತ್ರವನ್ನು ಕಂಡುಹಿಡಿದ ಡಾ. ಮೈತ್ರಿ ಬೆಳವಟಗಿ, ಕೇಳಿದವರಿಗೆಲ್ಲ ಅದನ್ನು ಹತ್ತಿಯ ಮಾತಿನಲ್ಲೇ ವಿವರಿಸುತ್ತಿದ್ದಳು. ಕೊನೆಯದಾಗಿ ಕೇಳಿದ ಸದ್ದುಗಳ ರಾಸಾಯನಿಕ ಗುರುತು, ಜೀವ ಹೋದ ಮೇಲೂ ಕಿವಿಯ ನರದಲ್ಲಿ ಕೆಲಕಾಲ ಉಳಿದಿರುತ್ತದೆ. ಆದರೆ ಅದು ಹಿಂಜಿದ ಹತ್ತಿಯಂತೆ ಕಲಸಿಹೋಗಿರುತ್ತದೆ. ಎಳೆ ತೆಗೆಯಲು ಒಂದು ತುದಿ ಸಿಗಬೇಕು. ಮನುಷ್ಯನ ನರದಲ್ಲಿ ಎಲ್ಲಕ್ಕಿಂತ ಆಳವಾಗಿ ಕೊರೆದಿರುವ ಸದ್ದು ಅವನ ಹೆಸರು. ತನ್ನದೆಂದು ಮನಸ್ಸು ಒಪ್ಪಿಕೊಂಡ ಹೆಸರು. ತುದಿ ಅದೇ. ತಪ್ಪು ಹೆಸರಿನಿಂದ ಕರೆದರೆ ಎಳೆ ಬರುವುದಿಲ್ಲ. ಅಷ್ಟೇ ಅಲ್ಲ, ಪ್ರತಿ ತಪ್ಪು ಕರೆಗೂ ಹತ್ತಿ ಇಷ್ಟಿಷ್ಟೇ ಹಾರಿಹೋಗುತ್ತದೆ.

ಕಂಡಕಂಡವರು ಬೇಕೆಂದೇ ತಪ್ಪು ಹೆಸರು ಕೊಟ್ಟು ಸಾಕ್ಷ್ಯ ಕೆಡಿಸಬಾರದೆಂದು ಒಂದು ಕಾಯಿದೆಯೂ ಬಂದಿತ್ತು. ಸರ್ಕಾರಿ ದಾಖಲೆಯ ಹೆಸರು, ಇಲ್ಲವೇ ರಕ್ತಸಂಬಂಧಿಗಳು ಒಪ್ಪಿದ ಹೆಸರು. ಇವೆರಡನ್ನು ಬಿಟ್ಟು ಬೇರೆ ಹೆಸರಿನಿಂದ ಸತ್ತವರನ್ನು ಕರೆಯುವಂತಿರಲಿಲ್ಲ. ಕಾಯಿದೆ ಬರೆದವರು ಒಳ್ಳೆಯ ಕುಟುಂಬಗಳಿಂದ ಬಂದವರಿರಬೇಕು.

ಪಾರಿಜಾತಳ ದೇಹವನ್ನು ಕಿವಿಮನೆಗೆ ತಂದಾಗ ಜೊತೆಗೆ ಬಂದ ಇನ್ಸ್‌ಪೆಕ್ಟರು ಆಗಲೇ ತನಿಖೆ ಮುಗಿಸಿದವರಂತೆ ಕಂಡರು. "ಜೋಗತಿ ವೇಷದ್ದು ಮೇಡಂ. ಇಂಥೋರದು ಇದ್ದದ್ದ. ಹಾದಿ ಮ್ಯಾಲಿನ ಯಾರೋ ಪುಂಡ್ರು ಬಡದು ಹೋಗ್ಯಾರ."

ಅವಳ ಒಡಹುಟ್ಟಿದ ತಮ್ಮ ಸಂಗಮೇಶ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದ. ಅವನ ಮದುವೆ ಗೊತ್ತಾಗಿತ್ತು. ಬೀಗರು ದೊಡ್ಡ ಮಂದಿ. "ನಮ್ಮಣ್ಣರಿ" ಎಂದು ದಾಖಲೆಯಲ್ಲಿದ್ದ ಗಂಡು ಹೆಸರನ್ನು ಹೇಳಿದ.

"ಬೇರೆ ಹೆಸರಿನಿಂದ ಕರೆಯುತ್ತಿದ್ದಿರಾ?" ಎಂದು ಮೈತ್ರಿ ಕೇಳಿದಳು.

"ಆ ಹೆಸರು ನಮ್ಮ ಮನ್ಯಾಗ ಯಾರ ಬಾಯಾಗೂ ಬಂದಿಲ್ರಿ. ಬರೂದೂ ಇಲ್ಲ."

ಯಂತ್ರ ದಾಖಲೆಯ ಹೆಸರು ಕೂಗಿತು. ಗೆರೆ ಮಲಗಿಯೇ ಇತ್ತು. ಮತ್ತೆ ಕೂಗಿತು. ಉಳಿಕೆಯ ಪ್ರಮಾಣ ತೋರಿಸುವ ಪಟ್ಟಿ ಕೆಂಪಿಗೆ ತಿರುಗಿತು. ಇನ್ನೊಂದು ತಪ್ಪು ಕರೆಯಾದರೆ ಆ ಕಿವಿಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಸಂಗಮೇಶ ಕೈಮುಗಿದು, "ನಮ್ಮ ನಶೀಬ ಇಷ್ಟರಿ" ಎಂದು ಇನ್ಸ್‌ಪೆಕ್ಟರ ಜೊತೆ ಚಹಾ ಕುಡಿಯಲು ಹೋದ.

ಹೊರಗಿನ ಬೆಂಚಿನ ಮೇಲೆ ಹುಲಿಗೆವ್ವ ಬೆಳಗಿನಿಂದ ಕೂತಿದ್ದಳು. ಹಣೆ ತುಂಬ ಭಂಡಾರ, ಕೊರಳಲ್ಲಿ ಕೆಂಪು ಬಿಳಿ ಮುತ್ತು. ಪಾರಿಜಾತ ಹತ್ತು ವರ್ಷದಿಂದ ಅವಳ ಮನೆಯಲ್ಲಿದ್ದವಳು. ರಕ್ತಸಂಬಂಧಿಯಲ್ಲ ಎಂದು ಕಾವಲಿನವನು ಒಳಗೆ ಬಿಟ್ಟಿರಲಿಲ್ಲ. ಆದರೆ ಮಗನ ನೌಕರಿಗಾಗಿ ಅವಳ ಕಾಲು ಮುಟ್ಟಿ ಆಶೀರ್ವಾದ ಪಡೆದಿದ್ದ.

ಮೈತ್ರಿ ಹೊರಬಂದದ್ದೇ ಅವಳು ಎದ್ದು ನಿಂತಳು. "ಏನ್ ಡಾಕ್ಟರಬಾಯಿ, ಆ ಕಂತ್ರಾಟುದಾರಗ ಮುದ್ದಿನ ಹೆಸರು ನಡೀತೈತಿ, ನನ್ನ ಮಗಳಿಗೆ ಖರೇ ಹೆಸರೂ ನಡಿಯಂಗಿಲ್ಲೇನು?"

"ಕಾಯಿದೆ ಹಾಗಿದೆ ಅಮ್ಮ. ನಾನು ಮೀರಿದರೆ ಕೋರ್ಟಿನಲ್ಲಿ ಸಾಕ್ಷ್ಯ ಬಿದ್ದುಹೋಗಬಹುದು. ಕೆಲಸವೂ ಹೋಗಬಹುದು."

"ನಿನ್ನ ಕೆಲಸ ಹೋದ್ರ ಇನ್ನೊಂದು ಸಿಗತೈತಿ. ಬಾ, ನಾನಽ ಹುಡುಕಿ ಕೊಡ್ತೀನಿ. ಚೌಡಿಕಿ ಬಾರಸಾಕ ಬರತೈತೇನು?" ಹುಲಿಗೆವ್ವ ನಕ್ಕಳು. ನಗೆ ಅರ್ಧಕ್ಕೇ ಮುರಿಯಿತು. "ಆಕಿಗೆ ಜೋಗತಿ ಮುತ್ತು ಕಟ್ಟಿದಾಕಿ ನಾನು. ಹೆಸರಿಟ್ಟಾಕಿ ನಾನು. ತಾಯಿ ಅಂತ ಬರಕೋ. ಸುಳ್ಳಾದ್ರ ಆ ಎಲ್ಲವ್ವ ನನ್ನ ನೋಡ್ಕೋತಾಳ."

ಮೈತ್ರಿ ಕಾಯಿದೆಯನ್ನು ಮನಸ್ಸಿನಲ್ಲಿ ಒಮ್ಮೆ ಓದಿಕೊಂಡಳು. ಆಮೇಲೆ ಬಾಗಿಲು ತೆರೆದಳು. ಯಂತ್ರದ ಕರೆಯುವ ದನಿಯನ್ನು ನಿಲ್ಲಿಸಿ ಮೈಕನ್ನು ಹುಲಿಗೆವ್ವಳ ಕೈಗೆ ಕೊಟ್ಟಳು.

"ಪಾರಿಜಾತಾ," ಎಂದಳು ಹುಲಿಗೆವ್ವ, ಹೊತ್ತೇರಿದರೂ ಮಲಗಿದವಳನ್ನು ಎಬ್ಬಿಸುವ ಹಾಗೆ. "ಏಳವ್ವಾ."

ಹಸಿರು ಗೆರೆ ಎದ್ದು ಕೂತಿತು.

ಮೊದಲು ಒಗ್ಗರಣೆಯ ಚಟಪಟ. ಪಕ್ಕದ ಮನೆಯ ರೇಡಿಯೋ. ಆಮೇಲೆ ಬಾಗಿಲು ತಟ್ಟಿದ ಸದ್ದು, ಅದರ ಹಿಂದೆಯೇ ಒಂದು ಗಂಡು ದನಿ: "ಪಾರಿಜಾತಕ್ಕಾ... ನಾನಽ, ಸಂಗಮ. ಬಾಗಲಾ ತಗೀ."

ಒಲೆ ಆರಿಸಿದ ಸದ್ದು ಬರಲಿಲ್ಲ. ಬಳೆ, ಓಡುವ ಹೆಜ್ಜೆ, ಅಗಳಿ. ಬಳಿಕ ಪಾರಿಜಾತಳದೇ ದನಿ, ಏದುಸಿರಿನಲ್ಲಿ: "ಏನಂದಿ ತಮ್ಮಾ? ಇನ್ನೊಮ್ಮೆ ಅನ್ನು."

"ಅಕ್ಕಾ," ಎಂದಿತು ಆ ದನಿ. "ಹಿಂಗ ಹೊರಗ ಬಾ ಅಕ್ಕಾ, ಅವ್ವ ಬಂದಾಳ."

ಮುಂದಿನದನ್ನು ನ್ಯಾಯಾಲಯ ಕೇಳಿಕೊಳ್ಳಲಿ ಎಂದು ಮೈತ್ರಿ ದನಿಯನ್ನು ಪೂರ್ತಿ ತಗ್ಗಿಸಿದಳು. ಗೆರೆ ಮಾತ್ರ ಬಹಳ ಹೊತ್ತು ಎಗರಿ ಬೀಳುತ್ತಿತ್ತು. ಹುಲಿಗೆವ್ವ ಮೈಕನ್ನು ಇನ್ನೂ ಹಿಡಿದುಕೊಂಡೇ ಇದ್ದಳು.

"ನಾನಽ ಹೇಳಿಕೊಟ್ಟಿದ್ದೆ ಬಾಯಿ," ಎಂದಳು. "ನಮ್ಮ ಮನ್ಯಾಗ ಎಲ್ಲಾರಿಗೂ ಹೇಳಿಕೊಡ್ತೀನಿ. ಬಾಗಲದಾಗ ಯಾರರ ಹಳೇ ಹೆಸರು ಹಿಡದು ಕರದ್ರ ತಗೀಬ್ಯಾಡ್ರಿ. ಒಂದೋ ಪೊಲೀಸ್ರು, ಇಲ್ಲಾ ಬಂಧು ಬಳಗ, ಇಬ್ಬರೂ ಬಡಿಯಾಕಽ ಬಂದಿರ್ತಾರ. ಖರೇ ಹೆಸರು ಹಿಡದು ಕರದ್ರ ನಮ್ಮವರು, ತಗೀರಿ ಅಂತ." ಮೈಕನ್ನು ಮೇಜಿನ ಮೇಲಿಟ್ಟಳು. "ಹೇಳಿದಂಗ ಕೇಳಿದ್ಲು, ಹುಚ್ಚಿ."

ಸಾಕ್ಷ್ಯ ಬಿದ್ದುಹೋಗಲಿಲ್ಲ. ಸಂಗಮೇಶನಿಗೆ ಶಿಕ್ಷೆಯಾಯಿತು. ಮನುಷ್ಯ ತನ್ನದೆಂದು ಬಾಳಿದ ಹೆಸರೇ ಅವನ ಹೆಸರು, ಅದನ್ನು ಬಲ್ಲವರೇ ಅವನ ಸಂಬಂಧಿಗಳು ಎಂದು ಕಾಯಿದೆ ತಿದ್ದುಪಡಿಯಾಯಿತು. ಓಗೊಡಲಿಲ್ಲವೆಂದು ಶೈತ್ಯಾಗಾರದಲ್ಲಿ ಇಟ್ಟಿದ್ದ ಎಷ್ಟೋ ದೇಹಗಳನ್ನು, ಗೆಳೆಯ ಗೆಳತಿಯರು ಕೊಟ್ಟ ಹೆಸರಿನಿಂದ ಮೈತ್ರಿ ಮತ್ತೆ ಕರೆದಳು. ಒಬ್ಬೊಬ್ಬರಾಗಿ ಓಗೊಟ್ಟರು. ಮುಚ್ಚಿದ ಮೊಕದ್ದಮೆಗಳು ತೆರೆದವು. ಮೈತ್ರಿಗೆ ಪ್ರಶಸ್ತಿ ಬಂತು. ಸಮಾರಂಭದಲ್ಲಿ ಮಂತ್ರಿಗಳು ಪಾರಿಜಾತಳ ಹೆಸರನ್ನು ಮೂರು ಬಗೆಯಲ್ಲಿ ತಪ್ಪಾಗಿ ಉಚ್ಚರಿಸಿದರು.

ಪತ್ರಿಕೆಗಳೂ ತಮ್ಮ ಕೆಲಸ ಮಾಡಿದವು. ಯಾರು ಹೇಗೆ ಕರೆದ, ಅವಳು ಹೇಗೆ ಓಡಿ ಬಂದಳು, ಒಂದಕ್ಷರ ಬಿಡದೆ ಅಚ್ಚು ಹಾಕಿದವು. ಓದಿದವರಲ್ಲಿ ಕೆಲವರು ಕಣ್ಣೊರೆಸಿಕೊಂಡರು, ಕೆಲವರು ಉಪಾಯ ಕಲಿತರು. ರಾಯಚೂರಿನಲ್ಲೊಬ್ಬಳು, ಕಲಬುರಗಿಯಲ್ಲೊಬ್ಬಳು, ತಮ್ಮ ನಿಜವಾದ ಹೆಸರು ಕೇಳಿ ಬಾಗಿಲು ತೆರೆದರು.

ವಿಚಾರಣೆ ಮುಗಿದು, ಪಾರಿಜಾತಳ ದೇಹವನ್ನು ಹುಲಿಗೆವ್ವಳಿಗೇ ಒಪ್ಪಿಸಬೇಕೆಂದು ಆದೇಶವಾದ ದಿನ, ತಾನೇ ಹೇಳಬೇಕೆನಿಸಿ ಮೈತ್ರಿ ಆ ಓಣಿಗೆ ಹೋದಳು. ಮಟಮಟ ಮಧ್ಯಾಹ್ನ. ಒಳಗೆ ಪಾತ್ರೆ ತೊಳೆಯುವ ಸದ್ದು, ಯಾರದೋ ನಗು ಕೇಳುತ್ತಿತ್ತು.

"ಹುಲಿಗೆವ್ವಾ," ಎಂದು ಕರೆದಳು.

ನಗು ನಿಂತಿತು.

"ಹುಲಿಗೆವ್ವಾ, ನಾನು. ಡಾಕ್ಟರು ಮೈತ್ರಿ. ಪಾರಿಜಾತಳನ್ನ ಮನೆಗೆ ಕಳಿಸ್ತಾ ಇದ್ದಾರೆ."

ಸತ್ತವರ ಕಿವಿಯಿಂದ ಪಿಸುಮಾತನ್ನೂ ಹೆಕ್ಕಬಲ್ಲವಳು ಬಾಗಿಲಿಗೆ ಕಿವಿಗೊಟ್ಟು ನಿಂತಳು. ಆಚೆ ಬದಿಯಲ್ಲೂ ಯಾರೋ ಹಾಗೆಯೇ ನಿಂತಿದ್ದರು, ಉಸಿರು ಕೇಳಿಸುತ್ತಿತ್ತು, ಅಗಳಿ ಮಾತ್ರ ಸರಿಯಲಿಲ್ಲ. ಮೈತ್ರಿ ಇನ್ನೊಮ್ಮೆ, ಆದಷ್ಟು ಮೆಲ್ಲಗೆ, ಹೆಸರು ಹಿಡಿದು ಕರೆದಳು.

ಒಳಗೆ ಯಾರೋ ನಲ್ಲಿ ನಿಲ್ಲಿಸಿದರು.